ಅಧ್ಯಕ್ಷರ ಪಾಸ್‌ಪೋರ್ಟ್ ಯಾವ ಬಣ್ಣದ್ದಿರಬೇಕು

ಉಪ್ಸಾಲಾದ ನಮ್ಮ ಕನ್ನಡ ಸಂಘದ ಅಧ್ಯಕ್ಷರಾದವರು ಏನೇನು ಮಾಡಬೇಕು ಎಂದು ಮೊದಲು ಹೇಳಿಬಿಡುತ್ತೇನೆ. ಹಾಲ್ ಬುಕ್ ಮಾಡಬೇಕು. ಯುಗಾದಿಗೂ ರಾಜ್ಯೋತ್ಸವಕ್ಕೂ ಮೈಕ್ ಹಿಡಿದು ಎಲ್ಲರನ್ನೂ ಸ್ವಾಗತಿಸಬೇಕು. ಕೊಮ್ಮೂನ್, ಅಂದರೆ ಇಲ್ಲಿನ ನಗರಸಭೆ, ಕಳಿಸುವ ಸ್ವೀಡಿಷ್ ಪತ್ರಗಳಿಗೆ ಸ್ವೀಡಿಷ್‌ನಲ್ಲೇ ಉತ್ತರ ಬರೆಯಬೇಕು. ಊಟವಾದ ಮೇಲೆ ಸದಸ್ಯರೆಲ್ಲ ಬಸ್ಸಿನ ನೆಪ ಹೇಳಿ ಮಾಯವಾದಾಗ ಬಿಸಿಬೇಳೆಬಾತಿನ ತಳ ಹಿಡಿದ ಪಾತ್ರೆ ತಿಕ್ಕಬೇಕು. ಈ ಪದವಿಗೆ ಯಾರು ಅರ್ಹರು, ಯಾರು ಅನರ್ಹರು ಎಂದು ಇಪ್ಪತ್ತೇಳು ಜನ ವಿದ್ಯಾವಂತರು ಎರಡು ವಾರ್ಷಿಕ ಸಭೆಗಳಲ್ಲಿ ಜಗಳವಾಡಿದೆವು. ಜಗಳದ ದೊಡ್ಡ ಪಾಲು ನನ್ನದೇ.

ನಾನು ಇಲ್ಲಿಗೆ ಬಂದದ್ದು ಪಿಎಚ್‌ಡಿ ಮಾಡಲು. ಅದಕ್ಕೆ ಮೊದಲು ಧಾರವಾಡದ ಕಾಲೇಜಿನಲ್ಲಿದ್ದಷ್ಟು ವರ್ಷ ಚರ್ಚಾ ಸ್ಪರ್ಧೆಗಳಲ್ಲಿ ಮಾತಾಡಿದವಳು. ಆ ಸ್ಪರ್ಧೆಗಳಲ್ಲಿ ಯಾವ ಪಕ್ಷ ನಿಮ್ಮದು ಎಂದು ನೀವು ಆರಿಸಿಕೊಳ್ಳುವಂತಿಲ್ಲ. ನಾಣ್ಯ ಹಾರಿಸುತ್ತಾರೆ, ಹೆಡ್ ಬಿದ್ದರೆ ಪರ, ಟೇಲ್ ಬಿದ್ದರೆ ವಿರೋಧ. ನೇಣುಶಿಕ್ಷೆ ಬೇಕು ಎಂದು ಬೆಳಿಗ್ಗೆ ಸಾಧಿಸಿ, ಬೇಡವೇ ಬೇಡ ಎಂದು ಮಧ್ಯಾಹ್ನ ಸಾಧಿಸಿ, ಎರಡಕ್ಕೂ ಒಂದೊಂದು ಕಪ್ ಮನೆಗೆ ತಂದಿದ್ದೇನೆ. ಇದರಿಂದ ಬುದ್ಧಿ ಹರಿತವಾಗುತ್ತದೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಇನ್ನೇನಾಗುತ್ತದೆ ಎಂದು ಅವರು ಹೇಳಿರಲಿಲ್ಲ.

ಆಗ ಸಂಘದ ಅಧ್ಯಕ್ಷರಾಗಿದ್ದವರು ಮೈಸೂರಿನವರು, ಔಷಧ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಸವೆಸಿದವರು. ಎಲ್ಲರಿಗೂ ಅವರು 'ಸರ್'. ಕಾರ್ಯದರ್ಶಿ ದಾವಣಗೆರೆಯವರು, ಅಳತೆಯ ಉಪಕರಣಗಳನ್ನು ಮಾಡುವ ಕಡೆ ಎಂಜಿನಿಯರ್. ಅವರ ತಂಗಿ ಒಮ್ಮೆ ಬಂದು ಕಾರ್ಯಕ್ರಮದ ತುಂಬ 'ಆಪಾ, ಆಪಾ' ಎಂದು ಕರೆದು ಹೋದಳು. ಅಂದಿನಿಂದ ಇಡೀ ಸಂಘಕ್ಕೆ ಅವರು ಆಪಾ, ಅಂದರೆ ಅಕ್ಕ. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವರಾದ ಸರ್ ಕೂಡ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದಾರೆ ಎಂದು ನಾನು ಒಮ್ಮೆ ತೋರಿಸಿಕೊಟ್ಟೆ. "ಗೌರವಕ್ಕೆ ವಯಸ್ಸಿಲ್ಲಮ್ಮ," ಅಂದರು ಸರ್. ವಾದದಲ್ಲಿ ಅವರು ನನ್ನನ್ನು ಸೋಲಿಸಿದ ಮೊದಲ ಸಲ ಅದು. ಕೊನೆಯದಾಗಲಿಲ್ಲ.

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಶನಿವಾರ, ವಸತಿ ಕಟ್ಟಡವೊಂದರ ನೆಲಮಾಳಿಗೆಯ ಹಾಲ್‌ನಲ್ಲಿ ವಾರ್ಷಿಕ ಸಭೆ. ಹೊರಗೆ ಅರ್ಧ ಕರಗಿದ ಹಿಮ, ಬಾಗಿಲ ಬಳಿ ಬೂಟುಗಳ ಗುಡ್ಡೆ, ಒಳಗೆ ಕಾಲುಚೀಲದಲ್ಲಿ ಕುಳಿತ ಸದಸ್ಯರು. ಆ ದಿನಗಳಲ್ಲಿ ಅಮೆರಿಕದ ಅಧ್ಯಕ್ಷರಾಗಲು ಹುಟ್ಟಿನಿಂದಲೇ ಅಲ್ಲಿನ ಪೌರರಾಗಿರಬೇಕೇ ಎಂಬ ಚರ್ಚೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಿರುಸಾಗಿ ನಡೆದಿತ್ತು. ನಮ್ಮಲ್ಲಿ ಒಬ್ಬರಿಗೂ ಆ ಕುರ್ಚಿಯ ಸಾಧ್ಯತೆ ಇಲ್ಲದ್ದರಿಂದ ಎಲ್ಲರೂ ಧೈರ್ಯವಾಗಿ ಮಾತಾಡಿದ್ದರು. ಸರ್‌ಗೆ ಯೋಚನೆ ಬಂದದ್ದು ಅಲ್ಲಿಂದಲೇ ಎಂದು ನನ್ನ ಗುಮಾನಿ. ಕಾರ್ಯಸೂಚಿಯ ಕೊನೆಯಲ್ಲಿ ಎದ್ದು ನಿಂತು ಒಂದು ಸಾಲು ಓದಿದರು: ಸಂಘದ ಅಧ್ಯಕ್ಷರಾಗುವವರು ಸ್ವೀಡನ್ನಿನ ಪೌರರಾಗಿರತಕ್ಕದ್ದು.

"ನಾಳೆ ಕೊಮ್ಮೂನಲ್ಲಿ ಹೋಗಿ ಕೂತ್ಕೊಂಡಾಗ ನಮ್ಮ ಅಧ್ಯಕ್ಷರಿಗೆ ಒಂದು ತೂಕ ಇರ್ಬೇಕು, ಅಷ್ಟೆ," ಅಂದರು.

"ತೂಕ ಈಗ್ಲೂ ಕಮ್ಮಿ ಏನಿಲ್ಲ ಸರ್," ಎಂದು ಹಿಂದಿನಿಂದ ಯಾರೋ ಹೇಳಿ, ಸಭೆ ನಕ್ಕಿತು.

ಸರ್ ನಗಲಿಲ್ಲ. "ಪರ ಯಾರು ಮಾತಾಡ್ತೀರಿ? ವಿರೋಧ ಯಾರು? ಚರ್ಚೆ ಆಗದೆ ಪಾಸ್ ಮಾಡೋದು ನಂಗಿಷ್ಟ ಇಲ್ಲ."

ಯಾರೂ ಏಳಲಿಲ್ಲ. ಪಕ್ಕದ ಅಡುಗೆಕೋಣೆಯಿಂದ ಸಮೋಸ ಬಿಸಿಯಾಗುವ ವಾಸನೆ ಬರುತ್ತಿತ್ತು, ಅದರ ಎದುರು ಪೌರತ್ವ ಏನು ಮಾಡೀತು. ಆದರೆ ಚರ್ಚೆಗೆ ಜನವಿಲ್ಲ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ.

"ನಾನು ಮಾತಾಡ್ತೀನಿ ಸರ್. ಯಾವ ಕಡೆ ಅಂತ ಟಾಸ್ ಹಾಕಿ."

ಇಪ್ಪತ್ತೇಳು ಜನರ ಜೇಬು ಹುಡುಕಿದರೂ ಒಂದು ನಾಣ್ಯ ಸಿಗಲಿಲ್ಲ. ಈ ದೇಶದಲ್ಲಿ ನಾಣ್ಯ ಮುಟ್ಟಿ ಎಲ್ಲರಿಗೂ ವರ್ಷಗಳಾಗಿದ್ದವು. ಕೊನೆಗೆ ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ ಬಿಡಿಸಿಕೊಳ್ಳಲು ನಾಣ್ಯದ ಬದಲು ಸಿಕ್ಕಿಸುವ ಪ್ಲಾಸ್ಟಿಕ್ ಬಿಲ್ಲೆಯೊಂದು ಯಾರದೋ ಕೀಲಿಗೊಂಚಲಿನಲ್ಲಿ ಸಿಕ್ಕಿತು. ಅಕ್ಷರವಿರುವ ಕಡೆ ಬಿದ್ದರೆ ಪರ ಎಂದು ನಿರ್ಧಾರವಾಯಿತು. ಅಕ್ಷರವೇ ಬಿತ್ತು.

ಐದು ನಿಮಿಷ ಮಾತಾಡಿದೆ. ಅಮೆರಿಕ ಹುಟ್ಟು ಪೌರತ್ವವನ್ನೇ ಕೇಳುತ್ತದೆ, ಭಾರತದ ರಾಷ್ಟ್ರಪತಿಗೂ ಪೌರತ್ವ ಬೇಕು, ನಾವು ಕೇಳುತ್ತಿರುವುದು ಬರೀ ಒಂದು ಪಾಸ್‌ಪೋರ್ಟ್ ಎಂದೆ. ಎದುರಾಳಿ ಇಲ್ಲದಿದ್ದರೂ ಎದುರಾಳಿಯ ವಾದವನ್ನು ನಾನೇ ಎತ್ತಿಕೊಂಡು ನಾನೇ ಹೊಡೆದೆ: ಇಲ್ಲಿ ಮೂರು ವರ್ಷ ನೆಲೆಸಿದವರು ಪೌರರಲ್ಲದಿದ್ದರೂ ಕೊಮ್ಮೂನ್ ಚುನಾವಣೆಗೆ ನಿಲ್ಲಬಹುದಲ್ಲ ಎನ್ನುವಿರಾ? ಒಬ್ಬ ಸದಸ್ಯ ಎದ್ದು ಹೋದರೆ ಕೊಮ್ಮೂನ್ ಮುಳುಗುವುದಿಲ್ಲ, ಅಧ್ಯಕ್ಷರು ಎದ್ದು ಹೋದರೆ ಈ ಸಂಘ ಮುಳುಗುತ್ತದೆ. ಕೊನೆಗೆ ಚಪ್ಪಾಳೆಗಾಗಿ ಇಟ್ಟುಕೊಂಡಿದ್ದ ಸಾಲು: "ಒಂದು ಕಾಲು ಇಲ್ಲಿ, ಇನ್ನೊಂದು ಕಾಲು ಏರ್‌ಪೋರ್ಟಿನಲ್ಲಿ ಇಟ್ಟುಕೊಂಡವರ ಕೈಗೆ ಸಂಘದ ಕೀಲಿ ಕೊಡಬಾರದು."

ಚಪ್ಪಾಳೆ ಬಂತು. ನನ್ನದು ಬರೀ ವಿದ್ಯಾರ್ಥಿಯ ಪರ್ಮಿಟ್, ಎರಡು ಕಾಲೂ ಏರ್‌ಪೋರ್ಟಿನಲ್ಲೇ ಇದ್ದವಳು ಎಂದು ಯಾರಿಗೂ ಹೊಳೆಯಲಿಲ್ಲ. ಇಪ್ಪತ್ತು ಕೈ ಪರವಾಗಿ ಎದ್ದವು, ಮೂರು ವಿರೋಧವಾಗಿ. ಆಪಾ ಕೈ ಎತ್ತಲಿಲ್ಲ. ಬರೆಯುತ್ತಿದ್ದರು.

ಇಲ್ಲಿನ ಸಂಘಗಳಲ್ಲಿ ಒಂದು ಪದ್ಧತಿಯಿದೆ. ನಿಯಮಾವಳಿಗೆ ತಿದ್ದುಪಡಿಯಾಗಬೇಕಾದರೆ ಒಂದಾದ ಮೇಲೊಂದು ಎರಡು ಸಭೆಗಳು ಒಪ್ಪಬೇಕು. ಬಿಸಿರಕ್ತದಲ್ಲಿ ಮಾಡಿದ ತೀರ್ಮಾನವನ್ನು ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ ಎಂದು ಇದರ ಅರ್ಥ. ಸ್ವೀಡನ್ನರಿಗೆ ಮೊದಲ ಸಲವೂ ಬಿಸಿರಕ್ತ ಇರುವುದಿಲ್ಲ, ಅದು ಬೇರೆ ಮಾತು. ನಮ್ಮ ಸಂಘದ ಬೈಲಾವನ್ನೂ ಇಲ್ಲಿನ ಮಾದರಿಯಿಂದಲೇ ಇಳಿಸಿಕೊಂಡದ್ದರಿಂದ ಆ ಪದ್ಧತಿ ನಮಗೂ ಅಂಟಿಕೊಂಡಿತ್ತು. ಎರಡೂ ಸಲ ಹಾಜರಿದ್ದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಹಾಗಾಗಿ ನಾನು ಗೆದ್ದದ್ದು ಅರ್ಧ ಮಾತ್ರ. ಉಳಿದರ್ಧ ಒಂದು ವರ್ಷ ಫ್ರಿಜ್ಜಿನಲ್ಲಿ ಕುಳಿತಿತು. ನಾನು ಸಮೋಸ ತಿಂದು ಮರೆತೆ.

ಅದೇ ಸಭೆಯಲ್ಲಿ ನಾನು ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ನನ್ನನ್ನು ಅವಿರೋಧವಾಗಿ ಒಂದು ಸಮಿತಿಗೆ ಆರಿಸಿಬಿಟ್ಟಿದ್ದರು. ಮುಂದಿನ ವರ್ಷದ ಹುದ್ದೆಗಳಿಗೆ ಅಭ್ಯರ್ಥಿಗಳನ್ನು ಹುಡುಕುವ ಸಮಿತಿ, ಅದರಲ್ಲಿ ನಾನೊಬ್ಬಳೇ. ಈ ವರ್ಷ ಜನವರಿಯಲ್ಲಿ ಸರ್ ಫೋನ್ ಮಾಡಿ, "ನಾನು ಈ ಸಲ ಬಿಡ್ತೀನಮ್ಮ, ಸೊಂಟ ಹಿಡ್ಕೊಂಡಿದೆ, ಪಾತ್ರೆ ತಿಕ್ಕೋಕಾಗಲ್ಲ. ಹೊಸಬರನ್ನ ಹುಡುಕು," ಅಂದಾಗಲೇ ಆ ಸಮಿತಿಯ ನೆನಪಾದದ್ದು.

ಹುಡುಕುವ ಮೊದಲೇ ಆಪಾ ಮೆಸೇಜ್ ಕಳಿಸಿದರು. ಮನೆಗೆ ಬಾ, ಫೀಕಾಗೆ. ಕೆಲಸದ ನಡುವೆ ಕಾಫಿ ಕುಡಿಯುತ್ತ ಮುಖ್ಯ ವಿಷಯವೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡುವುದಕ್ಕೆ ಇಲ್ಲಿ ಫೀಕಾ ಎನ್ನುತ್ತಾರೆ. ಆಪಾ ದಾವಣಗೆರೆಯವರು, ಮುಖ್ಯ ವಿಷಯದಿಂದಲೇ ಶುರುಮಾಡಿದರು.

"ಅಧ್ಯಕ್ಷರ ಪೋಸ್ಟಿಗೆ ನಾನು ನಿಲ್ಬೇಕು ಅಂತಿದೀನಿ ಕಣೇ."

ಆ ಪದವಿಯನ್ನು ಒಬ್ಬ ಮನುಷ್ಯ ತಾನಾಗಿ ಬಯಸಿದ್ದನ್ನು ಅದೇ ಮೊದಲು ನೋಡಿದ್ದು. ಕಾರಣವೂ ಅವರ ಹತ್ತಿರ ಸಿದ್ಧವಿತ್ತು. ಶನಿವಾರ ಮಕ್ಕಳಿಗೆ ಕನ್ನಡ ತರಗತಿ ಮಾಡಬೇಕು, ಲೈಬ್ರರಿಯಲ್ಲಿ ಕೋಣೆ ಕೊಡುತ್ತಾರೆ, ಅಧ್ಯಕ್ಷರ ಸಹಿ ಹಾಕಿದ ಅರ್ಜಿ ಬೇಕು. ಮೂರು ವರ್ಷದಿಂದ ಸರ್ 'ನೋಡೋಣ' ಎನ್ನುತ್ತಲೇ ಇದ್ದಾರೆ. ಆಪಾನ ಮಗಳಿಗೆ ಎಂಟು ವರ್ಷ, ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ. "ಇನ್ನೆರಡು ವರ್ಷ ಹೋದ್ರೆ ಅವಳ ಕೈಗೆ ಪುಸ್ತಕ ಕೊಟ್ಟು ಪ್ರಯೋಜನ ಇಲ್ಲ. ನೋಡೋಣ ಅಂತ ಕೂತ್ರೆ ಅವಳು ಕಾಯ್ತಾಳಾ?"

ನಾನು ಖುಷಿಯಿಂದ ಹೆಸರು ಬರೆದುಕೊಳ್ಳಲು ಹೋದವಳು ಅರ್ಧಕ್ಕೆ ನಿಲ್ಲಿಸಿದೆ. ಕಾರ್ಯಸೂಚಿಯಲ್ಲಿ ನಿಯಮಾವಳಿ ಮೊದಲು, ಚುನಾವಣೆ ಆಮೇಲೆ. ನನ್ನ ಅರ್ಧ ಗೆಲುವು ಈ ಸಲ ಪೂರ್ತಿಯಾದರೆ ಹತ್ತು ನಿಮಿಷದ ನಂತರ ಆಪಾ ಸ್ಪರ್ಧಿಸುವಂತೆಯೇ ಇಲ್ಲ. ಅವರ ಬಳಿ ಇದ್ದದ್ದು ನೀಲಿ ಪಾಸ್‌ಪೋರ್ಟ್, ಭಾರತದ್ದು.

"ಆಪಾ, ಆ ತಿದ್ದುಪಡಿ..."

"ಗೊತ್ತು. ಪ್ರೊಟೊಕಾಲ್ ಬರೆದಿದ್ದು ನಾನೇ ಅಲ್ವಾ?" ಪ್ರೊಟೊಕಾಲ್ ಎಂದರೆ ಸಭೆಯ ನಡಾವಳಿ. "ನೀನು ಹೇಳಿದ್ದು ಒಂದು ಮಾತೂ ಬಿಟ್ಟಿಲ್ಲ. ಚೆನ್ನಾಗಿ ಮಾತಾಡಿದ್ದೆ."

"ಅದು ಬಿಲ್ಲೆ ಹೇಳಿದ್ದು ಆಪಾ, ನಾನಲ್ಲ. ಏರ್‌ಪೋರ್ಟ್ ಅಂದಾಗ ನಿಮ್ಮನ್ನ ನೆನೆಸ್ಕೊಂಡು ಹೇಳಿದ್ದಲ್ಲ. ನಿಜ, ಯಾರನ್ನೂ ನೆನೆಸ್ಕೊಂಡಿರಲಿಲ್ಲ."

"ಅದೇ ತೊಂದ್ರೆ ಕಣೇ," ಅಂದರು, ನನ್ನ ತಟ್ಟೆಗೆ ಇನ್ನೊಂದು ನಿಪ್ಪಟ್ಟು ಹಾಕುತ್ತ.

ನಿಪ್ಪಟ್ಟು ಮುರಿದೆ. ನಾನು ಮಾತು ಬದಲಿಸಲು ಕೇಳಿದೆ, ಇಷ್ಟು ವರ್ಷ ಆಯಿತು, ನೀವೇಕೆ ಪೌರತ್ವಕ್ಕೆ ಅರ್ಜಿ ಹಾಕಿಲ್ಲ ಎಂದು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಇಲ್ಲಿನದು ತೆಗೆದುಕೊಂಡರೆ ಅಲ್ಲಿನದು ಹೋಗುತ್ತದೆ ಎಂದು ಗೊತ್ತಿತ್ತು. ಆದರೂ ಎಷ್ಟೋ ಜನ ತೆಗೆದುಕೊಂಡಿದ್ದರು. ಆಪಾನ ಗಂಡ ಕೂಡ.

"ಫೋಟೋ ಚೆನ್ನಾಗಿ ಬರಲ್ಲ ನಂದು," ಎಂದು ಆಪಾ ತಟ್ಟೆ ಎತ್ತಿದರು.

ನಾನು ಒಂದು ವಾರ ಲ್ಯಾಬಿನಲ್ಲಿ ಮಾಡಬೇಕಾದ ಕೆಲಸ ಬಿಟ್ಟು ದಾರಿ ಹುಡುಕಿದೆ, ಸಿಕ್ಕಿತು. ಅಮೆರಿಕದ ಸಂವಿಧಾನ ಬರೆದವರು ಹುಟ್ಟು ಪೌರನೇ ಅಧ್ಯಕ್ಷನಾಗಬೇಕು ಎಂದು ಬರೆದರಲ್ಲ, ಅವರೆಲ್ಲ ಸ್ವತಃ ಹುಟ್ಟಿದ್ದು ಬ್ರಿಟಿಷ್ ಪ್ರಜೆಗಳಾಗಿ. ಅದಕ್ಕೇ ಅದೇ ವಾಕ್ಯದಲ್ಲಿ ಇನ್ನೊಂದು ತುಣುಕು ಸೇರಿಸಿದರು: ಅಥವಾ ಈ ಸಂವಿಧಾನ ಜಾರಿಗೆ ಬರುವಾಗ ಪೌರರಾಗಿದ್ದವರು. ಬಾಗಿಲು ಮುಚ್ಚುವ ಮೊದಲು ತಾವು ಒಳಗೆ ಬಂದುಬಿಟ್ಟರು. ನಾನೂ ಹಾಗೇ ಒಂದು ತುಣುಕು ಬರೆದೆ: ಸಂಘದ ಸ್ಥಾಪಕ ಸದಸ್ಯರಿಗೆ ಈ ನಿಯಮ ಅನ್ವಯಿಸತಕ್ಕದ್ದಲ್ಲ. ಸಂಘ ಶುರುವಾದಾಗ ಸಹಿ ಹಾಕಿದ ಏಳು ಜನರಲ್ಲಿ ಆಪಾ ಒಬ್ಬರು. ಸರ್‌ಗೂ ಮುಖಭಂಗವಿಲ್ಲ, ಆಪಾಗೂ ಕುರ್ಚಿ. ನನ್ನ ಬುದ್ಧಿಗೆ ನಾನೇ ಮೆಚ್ಚಿ ಬಸ್ಸಿನಿಂದಲೇ ಫೋನ್ ಮಾಡಿದೆ.

"ಬೇಡ," ಅಂದರು ಆಪಾ.

"ಪೂರ್ತಿ ಕೇಳಿ..."

"ಕೇಳಿದೆ. ನನಗೊಬ್ಬಳಿಗೆ ಕಿಟಕಿ ತೆಗೀತೀಯ. ಮುಂದಿನ ವರ್ಷ ಪಿಎಚ್‌ಡಿ ಹುಡುಗಿ ಯಾರಾದ್ರೂ ನಿಲ್ತೀನಿ ಅಂದ್ರೆ? ನಾನು ಒಳಗೆ ಕೂತು ಅವಳಿಗೆ ರೂಲ್ ಓದಿ ಹೇಳ್ಬೇಕಾ? ತೆಗೆದ್ರೆ ಎಲ್ಲರಿಗೂ ತೆಗಿ. ಇಲ್ಲಾಂದ್ರೆ ನಾನು ಹೊರಗೇ ಇರ್ತೀನಿ, ಕಾರ್ಯದರ್ಶಿ ಕೆಲಸ ಮಾಡ್ಕೊಂಡು."

"ತರಗತಿ?"

"ಅದಕ್ಕೇ ತಾನೇ ನಿನಗೆ ಹೇಳಿರೋದು. ಗೆಲ್ಲು."

ಸಮಿತಿಯ ಕರ್ತವ್ಯವೆಂದು ಸ್ವೀಡಿಷ್ ಪೌರತ್ವವಿದ್ದ ಒಂಬತ್ತು ಸದಸ್ಯರಿಗೂ ಫೋನ್ ಮಾಡಿ, ಅಧ್ಯಕ್ಷರಾಗುತ್ತೀರಾ ಎಂದು ಕೇಳಿದೆ. ಒಬ್ಬರಿಗೆ ಮಗುವಿನ ಈಜು ತರಗತಿ. ಒಬ್ಬರು ಟ್ರೋಲ್‌ಹೆಟ್ಟನ್‌ಗೆ ವರ್ಗವಾಗಬಹುದು, ಇನ್ನೂ ಖಚಿತವಿಲ್ಲ, ಆದರೆ ಆಗಬಹುದು. ಒಬ್ಬರು ನನ್ನ ದನಿ ಕೇಳಿದ ಕೂಡಲೇ ಸುರಂಗದಲ್ಲಿದ್ದೇನೆ ಅಂದರು. ಉಪ್ಸಾಲಾದಲ್ಲಿ ಅಂಥ ಸುರಂಗ ಯಾವುದು ಎಂದು ನಾನು ವಾದಿಸಲಿಲ್ಲ. ಒಂಬತ್ತಕ್ಕೆ ಒಂಬತ್ತೂ ಇಲ್ಲ. ಆದರೂ ತಿದ್ದುಪಡಿಗೆ ಮತ ಹಾಕುತ್ತೀರಾ ಎಂದರೆ ಆರು ಜನ ಹೌದು ಅಂದರು. ತತ್ವ ತಾನೇ, ಅಂದರು ಸುರಂಗದವರು.

ಈ ವರ್ಷದ ಸಭೆಯೂ ಅದೇ ಹಾಲ್, ಬಾಗಿಲಲ್ಲಿ ಅದೇ ಬೂಟುಗಳು. ಸಂಘದ ಅಧ್ಯಕ್ಷರೇ ತಮ್ಮ ಪ್ರಸ್ತಾವದ ಸಭೆ ನಡೆಸಬಾರದೆಂದು ಹೊರಗಿನ ಒಬ್ಬರನ್ನು ಸಭಾಪತಿಯಾಗಿ ಕೂರಿಸುವುದು ಇಲ್ಲಿನ ವಾಡಿಕೆ. ಓರೆಬ್ರೂವಿನಿಂದ ಬಂದ ಡಾಕ್ಟರೊಬ್ಬರು ಕುಳಿತರು. ಕುಳಿತವರೇ, "ನನಗೆ ನಾಲ್ಕೂಕಾಲಿನ ರೈಲಿದೆ, ಎಲ್ಲರೂ ಚುಟುಕಾಗಿ," ಅಂದರು. ಆಪಾ ಎಂದಿನಂತೆ ಪಕ್ಕದಲ್ಲಿ ಬರೆಯಲು ಕುಳಿತರು. ಅಧ್ಯಕ್ಷ ಸ್ಥಾನಕ್ಕೆ ಆಪಾನ ಹೆಸರೊಂದೇ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ತಿದ್ದುಪಡಿ ಬಿದ್ದರೆ ಆಪಾ, ಗೆದ್ದರೆ ಯಾರೂ ಇಲ್ಲ.

ನಾನು ಎದ್ದೆ. ಟಿಪ್ಪಣಿ ಇತ್ತು, ಗಂಟಲು ಸರಿಯಿತ್ತು.

"ಈ ಊರಿನ ಕೊಮ್ಮೂನ್ ಸಭೆಗೆ ಆಪಾ ನಾಳೆನೇ ಚುನಾವಣೆಗೆ ನಿಲ್ಲಬಹುದು. ರಸ್ತೆ, ಶಾಲೆ, ನೀರು ಎಲ್ಲಾ ಅವರ ಕೈಗೆ ಕೊಡೋಕೆ ಸ್ವೀಡನ್ ರೆಡಿ ಇದೆ. ಬಿಸಿಬೇಳೆಬಾತ್ ಕೊಡೋಕೆ ನಾವು ರೆಡಿ ಇಲ್ವಾ?"

ನಗು ಬಂತು. ಇನ್ನೇನು ಗೆದ್ದೆ ಎಂದುಕೊಂಡೆ. ಸರ್ ಕನ್ನಡಕ ಹಾಕಿಕೊಂಡು ಒಂದು ಹಾಳೆ ತೆಗೆದರು.

"ಅದಕ್ಕೆ ಉತ್ತರ ಹೋದ ವರ್ಷದ ಪ್ರೊಟೊಕಾಲಲ್ಲೇ ಇದೆ. ಓದ್ತೀನಿ. 'ಒಬ್ಬ ಸದಸ್ಯ ಎದ್ದು ಹೋದರೆ ಕೊಮ್ಮೂನ್ ಮುಳುಗುವುದಿಲ್ಲ, ಅಧ್ಯಕ್ಷರು ಎದ್ದು ಹೋದರೆ ಈ ಸಂಘ ಮುಳುಗುತ್ತದೆ.' ತುಂಬಾ ಚೆನ್ನಾಗಿ ಹೇಳಿದಾರೆ. ಯಾರು ಅಂತ ಎಲ್ಲರಿಗೂ ನೆನಪಿದೆ ಅಲ್ವಾ?"

ಈ ಸಲದ ನಗು ಇನ್ನೂ ಜೋರಾಗಿತ್ತು. ನಾನು ರಾಜನಿಗೆ ಹಾರಿದೆ. ಇಲ್ಲಿನ ರಾಜಮನೆತನದ ಮೂಲಪುರುಷನೇ ಫ್ರಾನ್ಸಿನಿಂದ ಬಂದವನು, ಸ್ವೀಡಿಷ್ ಮಾತಾಡಲು ಕೊನೆತನಕ ಕಲಿಯಲಿಲ್ಲ, ಆದರೂ ದೇಶ ಮುಳುಗಲಿಲ್ಲ ಎಂದೆ.

"ರಾಜ ಆಗಬೇಕು ಅಂತ ಅವನು ಫ್ರಾನ್ಸ್ ಬಿಟ್ಟು ಬಂದ ಕಣಮ್ಮ," ಅಂದರು ಸರ್. "ಬಿಟ್ಟು ಬಂದ. ನಾನು ಹೇಳ್ತಿರೋದೂ ಅದನ್ನೇ."

ಅದು ನನಗೆ ಹೊಳೆದಿರಲಿಲ್ಲ. ಎದುರಾಳಿಗೆ ಉದಾಹರಣೆ ನಾನೇ ಕಟ್ಟಿಕೊಟ್ಟಿದ್ದೆ. ಸರ್ ಮತ್ತೆ ಹಾಳೆ ನೋಡಿದರು. ಏರ್‌ಪೋರ್ಟಿನ ಸಾಲು ಬರುತ್ತದೆ ಎಂದು ಗೊತ್ತಾಯಿತು. ಬರೆದದ್ದು ಆಪಾ, ಹೇಳಿದ್ದು ನಾನು, ಓದುವವರು ಸರ್.

"ಸರ್, ಓದಬ್ಯಾಡ್ರಿ!"

ಇಲ್ಲಿಗೆ ಬಂದ ಮೇಲೆ ಬೆಂಗಳೂರಿನವರ ನಡುವೆ ನನ್ನ ಮಾತು ತಿದ್ದಿಕೊಂಡಿದ್ದೆ. ಸಿಟ್ಟಿನಲ್ಲೋ ಭಯದಲ್ಲೋ ಮಾತ್ರ ಧಾರವಾಡ ಹೊರಗೆ ಬರುತ್ತದೆ. "ಹ್ವಾದ ವರ್ಷ ನಾ ಹೇಳಿದ್ದು ನಂಗ ಖರೆ ಅನ್ನಿಸಿದ್ದಿಲ್ಲ. ಬಿಲ್ಲೆ ಆ ಕಡೆ ಬಿತ್ತು, ಹೇಳಿದೆ. ಈ ಕಡೆ ಬಿದ್ದಿದ್ರ ಈ ಕಡೆ ಹೇಳ್ತಿದ್ದೆ."

"ಹಾಗಾದ್ರೆ ಈ ಸಲ ಟಾಸ್ ಎಲ್ಲಿ ಹಾಕಿದ್ರಿ?" ಸುರಂಗದವರು ಕೇಳಿದರು.

ಹಾಲ್ ಉರುಳಾಡಿ ನಕ್ಕಿತು. ಸರ್ ಮಾತ್ರ ನಗದೆ, "ನಾನು ಅದನ್ನ ನಂಬಿದ್ದೆ ಕಣಮ್ಮ," ಅಂದರು. "ನನ್ನ ಮನಸ್ಸಲ್ಲಿದ್ದಿದ್ದು ನಂಗೆ ಹೇಳೋಕೆ ಬರಲ್ಲ, ಈ ಹುಡುಗಿ ಹೇಳಿದ್ಲಲ್ಲ ಅಂತ ಮನೇಲಿ ಹೇಳ್ಕೊಂಡೆ."

ಕುಳಿತೆ. ಡಾಕ್ಟರು ಗಡಿಯಾರ ನೋಡಿ, "ಮತಕ್ಕೆ ಹಾಕೋಣವಾ?" ಅಂದರು.

"ಒಂದು ನಿಮಿಷ," ಅಂದರು ಸರ್. ಆಪಾನ ಕಡೆ ತಿರುಗಿದರು. "ಆಪಾ, ತಪ್ಪು ತಿಳ್ಕೋಬೇಡಿ. ಎಲ್ಲರೆದುರೇ ಕೇಳ್ತೀನಿ. ಹದಿಮೂರು ವರ್ಷ ಆಯ್ತು. ಯಾಕೆ ತಗೊಂಡಿಲ್ಲ ನೀವು? ಒಂದು ಅರ್ಜಿ. ತಗೊಂಡಿದ್ರೆ ಈ ಜಗಳನೇ ಇರ್ತಿರಲಿಲ್ಲ."

ಕೇಳಬಾರದ ಪ್ರಶ್ನೆ. ಎಲ್ಲರೂ ತಮ್ಮ ತಮ್ಮ ಕಾಲುಚೀಲ ನೋಡಿಕೊಂಡರು. ಆಪಾ ಲ್ಯಾಪ್‌ಟಾಪ್ ಅರ್ಧ ಮುಚ್ಚಿದರು.

"ಇದು ಪ್ರೊಟೊಕಾಲಿಗೆ ಬೇಡ," ಅಂದರು. "ನಾನು ಆಗಾಗ 'ಮದುವೆ ಇದೆ, ಊರಿಗೆ ಹೋಗ್ತೀನಿ' ಅಂತ ಹೇಳಿ ಹೋಗ್ತೀನಲ್ಲ, ಸುಳ್ಳು. ಅಷ್ಟು ಮದುವೆ ಆಗೋಕೆ ನಮ್ಮ ಮನೇಲಿ ಜನನೇ ಇಲ್ಲ. ಎಲೆಕ್ಷನ್ನಿಗೆ ಹೋಗ್ತೀನಿ. ಓಟು ಹಾಕೋಕೆ."

ಯಾರೋ ಫಕ್ಕನೆ ನಕ್ಕು ಸುಮ್ಮನಾದರು.

"ಅಲ್ಲಿ ಕೆಲವರು ನಮ್ಮನ್ನ ನೋಡಿ, ನಿಮ್ಮದು ಯಾವ ದೇಶ ಅಂತ ಕೇಳ್ತಾರೆ. ನಗ್ತಾನೇ ಕೇಳ್ತಾರೆ. ಆದ್ರೂ ಕೇಳ್ತಾರೆ. ಲಿಸ್ಟಲ್ಲಿ ನನ್ನ ಹೆಸರು ಇದೆ, ನೋಡ್ಕೋ ಅಂತ ಹೇಳೋಕೆ ನಂಗೆ ಅದು ಬೇಕು ಸರ್. ನಾನಾಗೇ ಹೋಗಿ ಹೆಸರು ತೆಗೆಸಿದ್ರೆ ಅವರ ಕೆಲಸ ನಾನೇ ಮಾಡಿಕೊಟ್ಟ ಹಾಗೆ. ನಮ್ಮನೆಯವರು ತಗೊಂಡ್ರು, ಅವರಿಷ್ಟ. ನಂಗಾಗಲಿಲ್ಲ." ಎಲ್ಲರ ಮುಖ ನೋಡಿದರು. "ಇನ್ನು, ನಾನು ಎದ್ದು ಹೋಗ್ತೀನಾ ಅನ್ನೋದು. ಹೋದ ತಿಂಗಳು ಬಾತ್ರೂಮಿಗೆ ಹೊಸ ಟೈಲ್ಸ್ ಹಾಕ್ಸಿದೀನಿ. ಬಿಟ್ಟು ಹೋಗೋರು ಟೈಲ್ಸ್ ಹಾಕ್ಸ್ತಾರಾ?"

ಈ ದೇಶದಲ್ಲಿ ಬಾತ್ರೂಮಿನ ಟೈಲ್ಸ್ ಹಾಕಿಸಲು ಕೆಲಸದವರಿಗಾಗಿ ಕಾದವರೆಲ್ಲ ತಲೆಯಾಡಿಸಿದರು. ಪಾಸ್‌ಪೋರ್ಟಿಗಿಂತ ಗಟ್ಟಿಯಾದ ದಾಖಲೆ ಅದು. ನನ್ನ ಟಿಪ್ಪಣಿಯಲ್ಲಿ ಟೈಲ್ಸ್ ಇರಲಿಲ್ಲ.

ಸರ್ ಹಾಳೆಯನ್ನು ಮಡಚಿದರು. "ನಾನೂ ಸುಮ್ನೆ ತಗೊಂಡಿಲ್ಲ ಆಪಾ," ಅಂದರು. "ಹಳೇ ಪಾಸ್‌ಪೋರ್ಟ್ ಒಪ್ಪಿಸಿದಾಗ ಮೂಲೆ ಕತ್ತರಿಸಿ, ರದ್ದು ಅಂತ ಸೀಲು ಹೊಡೆದು ವಾಪಸ್ ಕೊಟ್ರು. ಬೀರುವಿನಲ್ಲಿದೆ ಇನ್ನೂ. ಅವತ್ತು ನಾನು ಊಟ ಮಾಡ್ಲಿಲ್ಲ. ಅಷ್ಟು ಕೊಟ್ಟವನಿಗೆ ಒಂದು ವ್ಯತ್ಯಾಸನೂ ಇಲ್ವಾ ಅನ್ಸುತ್ತೆ. ಅಷ್ಟೆ."

"ವ್ಯತ್ಯಾಸ ಇದೆಯಲ್ಲ ಸರ್," ಅಂದರು ಆಪಾ. "ನಿಮಗೆ ಏರ್‌ಪೋರ್ಟಲ್ಲಿ ಸಣ್ಣ ಕ್ಯೂ."

ಸರ್‌ಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ.

ಡಾಕ್ಟರು ಮತಕ್ಕೆ ಹಾಕಿದರು. ಇಪ್ಪತ್ತೇಳು ಜನ, ಹದಿನೆಂಟು ಕೈ ಬೇಕು. ಸರ್ ಕೈ ನೇರವಾಗಿ ಮೊದಲು ಎದ್ದಿತು. ನಕ್ಕ ಮಾತ್ರಕ್ಕೆ ತತ್ವ ಬಿಡುವವರಲ್ಲ ಅವರು. ಸುರಂಗದವರ ಕೈ ಅರ್ಧಕ್ಕೆ ಬಂದು, ತಲೆ ಕೆರೆದುಕೊಂಡು, ಕೆಳಗಿಳಿಯಿತು. ಎಣಿಸಿದರು. ಎಂಟು.

ಮುಂದಿನ ವಿಷಯ ಚುನಾವಣೆ. ಸಮಿತಿಯ ಪರವಾಗಿ ನಾನು ಎದ್ದು ಆಪಾನ ಹೆಸರು ಹೇಳಿದೆ, ಕಾರಣ ವಿವರಿಸಲು ಬಾಯಿ ತೆರೆದೆ. "ಸಾಕು," ಅಂದರು ಡಾಕ್ಟರು. ಅನುಮೋದಿಸಲು ಮೊದಲು ಕೈ ಎತ್ತಿದವರು ಸರ್. ಇದೇನು ಸರ್, ಈಗ ತಾನೇ ಅವರನ್ನು ತಡೆಯುವ ತಿದ್ದುಪಡಿಗೆ ಕೈ ಎತ್ತಿದಿರಿ ಎಂದು ನಾನು ಕೇಳಿದ್ದಕ್ಕೆ, "ರೂಲ್ ಬೇರೆ, ಆಪಾ ಬೇರೆ. ರೂಲ್ ಬಿತ್ತು. ಇನ್ನು ಆಪಾನ ಬಗ್ಗೆ ನಂಗೇನು ಆಕ್ಷೇಪಣೆ?" ಅಂದರು. ಅವಿರೋಧ ಆಯ್ಕೆ. ಚಪ್ಪಾಳೆಯ ನಡುವೆ ಡಾಕ್ಟರು ಬೂಟು ಹುಡುಕಲು ಓಡಿದರು.

ಆಪಾ ಎದ್ದು ನಿಂತರು. ಭಾಷಣ ಮಾಡಲಿಲ್ಲ. ಬ್ಯಾಗಿನಿಂದ ಲೈಬ್ರರಿಯ ಅರ್ಜಿ ತೆಗೆದರು. ತುಂಬಿಸಿಯೇ ತಂದಿದ್ದರು, ಅಧ್ಯಕ್ಷರ ಸಹಿಯ ಜಾಗವೊಂದು ಖಾಲಿಯಿತ್ತು. ಹಾಕಿದರು. ತರಗತಿ ಮುಂದಿನ ತಿಂಗಳ ಮೊದಲ ಶನಿವಾರದಿಂದ ಎಂದರು.

ಬಾಡಿಗೆಯ ಹಾಲ್, ಐದಕ್ಕೆ ಮೊದಲು ಗುಡಿಸಿ ಒರೆಸಿ ಬಿಡಬೇಕು. ಎಂದಿನಂತೆ ಬಸ್ಸಿನ ನೆಪಗಳು ಶುರುವಾದವು. ಸರ್ ಒಂದು ಕೈಯಲ್ಲಿ ಸೊಂಟ, ಇನ್ನೊಂದರಲ್ಲಿ ನೆಲ ಒರೆಸುವ ಕೋಲು ಹಿಡಿದು ನನ್ನ ಹತ್ತಿರ ಬಂದರು.

"ಒಂದು ಮಾತು ಹೇಳ್ಲಾ? ಹೋದ ವರ್ಷ ಮಾತಾಡಿದ ಹುಡುಗಿ ನಿನಗಿಂತ ಚೆನ್ನಾಗಿ ಮಾತಾಡಿದ್ಲು."

"ಅವಳಿಗೆ ಎದುರಾಳಿ ಇರಲಿಲ್ಲ ಸರ್. ನನಗೆ ಅವಳೇ ಎದುರಾಳಿ. ಮತ್ತೆ, ಫ್ರಾನ್ಸಿನವನು ಬಿಟ್ಟು ಬಂದ ಅಂದ್ರಲ್ಲ, ಅವನು ಬಂದಿದ್ದು ಕುರ್ಚಿ ಸಿಗುತ್ತೆ ಅಂತ ಗೊತ್ತಾದ ಮೇಲೆ. ಅಂದ್ರೆ ಮೊದಲು ಆಯ್ಕೆ, ಆಮೇಲೆ ಪೌರತ್ವ. ನಿಮ್ಮ ರೂಲ್ ಪ್ರಕಾರ ಅವನೂ ಅನರ್ಹ!"

ಸರ್ ಕೋಲು ಗೋಡೆಗೆ ಒರಗಿಸಿದರು. ಕಣ್ಣು ಹೊಳೆಯಿತು. "ಆಗ ಪೌರತ್ವ ಅನ್ನೋದು ಈಗಿನ ಥರ..."

"ಸರ್, ನೀವು ಕೂತ್ಕೊಳ್ಳಿ, ಸೊಂಟ ನೋವು," ಎಂದು ಅಡುಗೆಕೋಣೆಯ ಬಾಗಿಲಿನಿಂದ ಅಧ್ಯಕ್ಷರು ಕೂಗಿದರು, ಮೊಣಕೈವರೆಗೆ ಸೋಪಿನ ನೊರೆ. "ಲೇ, ನೀನು ಬಾಯಿ ಮುಚ್ಚಿ ಕುರ್ಚಿ ಎತ್ತು. ಇಪ್ಪತ್ತೇಳಿವೆ."

ಇಪ್ಪತ್ತೆಂಟಿದ್ದವು, ಡಾಕ್ಟರದ್ದು ಸೇರಿ. ಹೇಳಲಿಲ್ಲ. ಎತ್ತಿದೆ.